ಒಬ್ಬರ ಊಟ ಎಂದರೆ ಎಷ್ಟು ಗ್ರಾಂ?

ಓದುಗರ ಪ್ರಶ್ನೆ, ಅಡುಗೆಮನೆಯ ಉತ್ತರ

ಮಳೆಗಾಲ ಇಳಿಮುಖವಾಗುವ ಹೊತ್ತಿಗೆ ಬೆಟ್ಟ ಹತ್ತುವವರ ಪತ್ರಗಳು ಬರಲಾರಂಭಿಸುತ್ತವೆ. ಈ ಬಾರಿ ಬಂದವುಗಳಲ್ಲಿ ಆರು ಪತ್ರಗಳು ಒಣಗಿಸಿದ ಊಟದ ಬಗ್ಗೆಯೇ ಇದ್ದುದರಿಂದ ಅವನ್ನೆಲ್ಲ ಒಂದೇ ಕಡೆ ಸೇರಿಸಿದ್ದೇನೆ. ಮೊದಲನೆಯ ಉತ್ತರ ದೀರ್ಘವಾಗಿದೆ. ಉಳಿದವರೂ ಅದನ್ನು ಓದಿಕೊಂಡರೆ ಒಳ್ಳೆಯದು, ಏಕೆಂದರೆ ಅಲ್ಲಿ ಹೇಳಿದ್ದನ್ನು ಮುಂದೆ ಮತ್ತೆ ಹೇಳಿಲ್ಲ.

ಪ್ರಶ್ನೆ: ಬರುವ ಸೆಪ್ಟೆಂಬರಿನಲ್ಲಿ ಹಿಮಾಚಲದ ಹಂಪ್ತಾ ಪಾಸ್ ದಾಟಬೇಕೆಂದಿದ್ದೇನೆ. ಗುಡಾರ, ಒಲೆ, ಊಟ ಎಲ್ಲವನ್ನೂ ನಾನೊಬ್ಬನೇ ಹೊರುತ್ತೇನೆ. ನಡಿಗೆ 5 ದಿನ, ಹವೆ ಕೆಟ್ಟರೆ ಇರಲೆಂದು ಇನ್ನೊಂದು ದಿನ. ಮನೆಯಲ್ಲಿ ಡಿಹೈಡ್ರೇಟರ್ (ಬಿಸಿಗಾಳಿಯಿಂದ ಆಹಾರ ಒಣಗಿಸುವ ಯಂತ್ರ) ಇದೆ. ಆದರೆ ಒಂದು ಹೊತ್ತಿನ ಪೊಟ್ಟಣದಲ್ಲಿ ಎಷ್ಟು ತುಂಬಬೇಕು, ಅದಕ್ಕೆ ಎಷ್ಟು ನೀರು ಹಾಕಬೇಕು ಎಂಬುದು ತಿಳಿಯುತ್ತಿಲ್ಲ. ಅಮ್ಮನನ್ನು ಕೇಳಿದರೆ ಒಬ್ಬರಿಗೆ ಅರ್ಧ ಕುಡ್ತೆ ಅಕ್ಕಿ ಎನ್ನುತ್ತಾರೆ. ಒಣಗಿಸಿದ ಮೇಲೆ ಆ ಅರ್ಧ ಕುಡ್ತೆ ಏನಾಗುತ್ತದೆ?
– ಮಣಿಪಾಲದ ಓದುಗರು

ಉತ್ತರ: ನಿಮ್ಮ ತಾಯಿಯವರ ಅಳತೆಯಲ್ಲಿ ತಪ್ಪಿಲ್ಲ, ಆದರೆ ಅದು ಮನೆಯ ಅಳತೆ. ಮನೆಯಲ್ಲಿ ಅನ್ನ ಹೆಚ್ಚಾದರೆ ಮರುದಿನದ ಚಿತ್ರಾನ್ನವಾಗುತ್ತದೆ, ಸಾಲದಿದ್ದರೆ ಎರಡು ದೋಸೆ ಹೊಯ್ದು ಸರಿದೂಗಿಸಬಹುದು. ನಾಲ್ವರ ತಂಡದಲ್ಲಿಯೂ ಹೀಗೆಯೇ: ಒಬ್ಬನಿಗೆ ಹಸಿವಿಲ್ಲದಿದ್ದರೆ ಅವನ ಪಾಲನ್ನು ಇನ್ನೊಬ್ಬ ಬಡಿಸಿಕೊಳ್ಳುತ್ತಾನೆ, ಲೆಕ್ಕದ ತಪ್ಪು ಯಾರಿಗೂ ಕಾಣದೆ ಮುಚ್ಚಿಹೋಗುತ್ತದೆ. ಗುಡಾರದ ಮುಂದೆ ಒಬ್ಬರೇ ಕುಳಿತಾಗ ಆ ಅನುಕೂಲ ಇಲ್ಲ. ಮಿಕ್ಕ ಅನ್ನವನ್ನು ಕಲ್ಲಿನ ಸಂದಿಯಲ್ಲಿ ಸುರಿಯುವುದಾಗಲಿ ತೊರೆಯಲ್ಲಿ ತೇಲಿಬಿಡುವುದಾಗಲಿ ಸಲ್ಲದು. ಅದನ್ನು ಕಟ್ಟಿಕೊಂಡು ಹೊತ್ತೇ ನಡೆಯಬೇಕು, ಮತ್ತು ನೀರು ಕುಡಿದ ಅನ್ನ ಒಣಗಿದ್ದಾಗಿನ ಮೂರು ನಾಲ್ಕು ಪಟ್ಟು ತೂಗುತ್ತದೆ.

ನಾನು ಮೊದಲ ಬಾರಿ ಒಬ್ಬಳೇ ಹೊರಟಾಗ ನಾಲ್ಕು ರಾತ್ರಿಗಾಗುವಷ್ಟು ಬಿಸಿಬೇಳೆ ಬಾತನ್ನು ಒಣಗಿಸಿ, ಒಂದೇ ದೊಡ್ಡ ಚೀಲದಲ್ಲಿ ತುಂಬಿ, ದಿನಕ್ಕೆ ಎರಡು ಲೋಟ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡಿದ್ದೆ. ಬೆನ್ನ ಮೇಲಿನ ಚೀಲ ದಿನವಿಡೀ ಅಲುಗಾಡುತ್ತದೆ ಎಂಬುದು ಹೊಳೆದಿರಲಿಲ್ಲ. ಅಲುಗಾಡಿದಂತೆಲ್ಲ ಉದ್ದನೆಯ ಅನ್ನದ ಅಗುಳು, ಬೀನ್ಸಿನ ತುಂಡು ಮೇಲಕ್ಕೆ ಬಂದು, ಬೇಳೆಯ ಹುಡಿ, ಉಪ್ಪು, ಮಸಾಲೆ ತಳ ಸೇರಿದ್ದವು. ಮೊದಲ ಎರಡು ರಾತ್ರಿ ಸಪ್ಪೆ ಅನ್ನ ತಿಂದು, ನನ್ನ ಕೈಯ ಮಸಾಲೆಯ ಬಗ್ಗೆ ನಾನೇ ಬೇಸರಪಟ್ಟುಕೊಂಡೆ. ನಾಲ್ಕನೆಯ ರಾತ್ರಿ ಚೀಲ ಕೊಡವಿದಾಗ ಇಟ್ಟಿಗೆ ಬಣ್ಣದ ಪುಡಿ ಮಾತ್ರ ಉಳಿದಿತ್ತು. ಬಿಸಿನೀರು ಹೊಯ್ದರೆ ಗಂಟುಗಂಟಾದ, ನಾಲಿಗೆಗೆ ಇಡಲಾಗದಷ್ಟು ಉಪ್ಪಿನ ಗೊಜ್ಜಾಯಿತು. ಒಟ್ಟು ತೂಕ ಸರಿಯಾಗಿಯೇ ಇತ್ತು, ಪಾಲು ಮಾಡಿದ ರೀತಿ ತಪ್ಪಾಗಿತ್ತು. ಆದ್ದರಿಂದ ಒಣಗಿದ ರಾಶಿಯನ್ನು ಆಮೇಲೆ ಲೋಟದಿಂದ ಪಾಲು ಮಾಡಬೇಡಿ. ಹಸಿಯಾಗಿರುವಾಗಲೇ, ಬಟ್ಟಲಿನಲ್ಲಿಯೇ ಪಾಲು ಮಾಡಿ.

ಕ್ರಮ ಹೀಗೆ. ಒಂದು ಸಂಜೆ ಚೆನ್ನಾಗಿ ನಡೆದು ಹಸಿದು ಬನ್ನಿ. ಮಣಿಪಾಲದಿಂದ ಪರ್ಕಳದವರೆಗೆ ಹೋಗಿ ಬಂದರೂ ಸಾಕು. ಬಿಸಿಬೇಳೆ ಬಾತನ್ನು ನಿಮಗೆ ಬೇಕೆನಿಸಿದಷ್ಟು ಬಡಿಸಿಕೊಂಡು, ತಿನ್ನುವ ಮೊದಲು ಬಟ್ಟಲನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಖಾಲಿ ಬಟ್ಟಲಿನ ತೂಕವನ್ನು ಕಳೆಯಿರಿ. ಬರುವ ಅಂಕಿಯೇ ನಿಮ್ಮ ಒಂದು ಹೊತ್ತು. ಅದು 430 ಗ್ರಾಂ ಎಂದಿಟ್ಟುಕೊಳ್ಳೋಣ. ಒಣಗಿಸುವ ದಿನ ಪ್ರತಿ ತಟ್ಟೆಯ ಹಾಳೆಯ ಮೇಲೆ 430 ಗ್ರಾಂ ಮಾತ್ರ ತೂಗಿ, ತೆಳ್ಳಗೆ ಹರಡಿ. ಒಂದು ತಟ್ಟೆ, ಒಂದು ಊಟ. ಒಣಗಿದ ನಂತರ ಅದೇ ತಟ್ಟೆಯದನ್ನು ಮತ್ತೆ ತೂಗಿದಾಗ 105 ಗ್ರಾಂ ಬಂದರೆ, ಹೋದದ್ದು 325 ಗ್ರಾಂ ನೀರು. ಒಂದು ಗ್ರಾಂ ನೀರೆಂದರೆ ಒಂದು ಮಿಲಿಲೀಟರ್, ಹಾಗಾಗಿ ಗುಡಾರದಲ್ಲಿ ಮರಳಿ ಹಾಕಬೇಕಾದದ್ದೂ ಅಷ್ಟೇ. ಆವಿಯಾಗಿ ಹೋಗುವುದಕ್ಕೆಂದು 30ರಿಂದ 40 ಮಿ.ಲೀ. ಸೇರಿಸಿಕೊಳ್ಳಿ. ಬೇರೆ ಯಾವ ಸೂತ್ರವೂ ಬೇಕಾಗಿಲ್ಲ. ಉಪ್ಪಿಟ್ಟಿಗಾಗಲಿ ಕಿಚಡಿಗಾಗಲಿ ಇದೇ ಕಳೆಯುವ ಲೆಕ್ಕ ಹೊಂದುತ್ತದೆ. ಪೊಟ್ಟಣದ ಮೇಲೆ ಅಳಿಸದ ಶಾಯಿಯಲ್ಲಿ ಮೂರೇ ಸಂಗತಿ ಬರೆಯಿರಿ: ಹೆಸರು, ಒಣ ತೂಕ, ಹಾಕಬೇಕಾದ ನೀರು. ಪಾತ್ರೆಯ ಒಳಗೋಡೆಯಲ್ಲಿ 350 ಮಿ.ಲೀ.ಗೆ ನೀರು ಎಲ್ಲಿಗೆ ಬರುತ್ತದೆಂದು ಮೊಳೆಯಿಂದ ಗೀರಿಟ್ಟುಕೊಂಡರೆ ಅಳತೆಯ ಲೋಟವನ್ನು ಹೊರುವ ಕಷ್ಟವೂ ತಪ್ಪುತ್ತದೆ. ಪಾತ್ರೆ 750 ಮಿ.ಲೀ.ನದ್ದಿದ್ದರೆ ಒಬ್ಬರಿಗೆ ಧಾರಾಳ.

ಇನ್ನು ಅರ್ಧ ಕುಡ್ತೆಯ ವಿಷಯ. ಕುಡ್ತೆ ಮನೆಯಿಂದ ಮನೆಗೆ ಬದಲಾಗುವ ಅಳತೆ, ಅದೂ ಅಲ್ಲದೆ ಗಾತ್ರದ ಅಳತೆ. ಬೆಂದು ಒಣಗಿದ ಅನ್ನದ ಅಗುಳು ಒಳಗೆಲ್ಲ ತೂತುತೂತಾಗಿ ಉಬ್ಬಿಕೊಂಡಿರುವುದರಿಂದ ಹಸಿ ಅಕ್ಕಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಅರ್ಧ ಕುಡ್ತೆ ಅಕ್ಕಿಯಿಂದಾದ ಒಣ ಅನ್ನ ಅರ್ಧ ಕುಡ್ತೆಯಲ್ಲಿ ಹಿಡಿಸುವುದಿಲ್ಲ. ಅದೇ ಕುಡ್ತೆಯಿಂದ ಅಳೆದು ತುಂಬಿದರೆ ನೀವು ಹಸಿದಿರಬೇಕಾಗುತ್ತದೆ. ತೂಕ ಮಾತ್ರ ಹೀಗೆ ಮೋಸ ಮಾಡುವುದಿಲ್ಲ. 100 ಗ್ರಾಂ ಬೆಳ್ತಿಗೆ ಅಕ್ಕಿ ಬೆಂದಾಗ 280ರಿಂದ 300 ಗ್ರಾಂ ಆಗಿ, ಪೂರ್ತಿ ಒಣಗಿದಾಗ ಮತ್ತೆ 100 ಗ್ರಾಂನ ಆಸುಪಾಸಿಗೇ ಬಂದು ನಿಲ್ಲುತ್ತದೆ; ನಮ್ಮ ಕಡೆ ತಿಳಿ ಬಸಿಯುವ ವಾಡಿಕೆಯಿದೆ, ಹಾಗೆ ಬಸಿಯದೆ ಇದ್ದರೆ ಮಾತ್ರ. ತಿಳಿಯೊಂದಿಗೆ ಗಂಜಿಯ ಸತ್ವವೂ ಹೋಗುವುದರಿಂದ ಚಾರಣದ ಅನ್ನವನ್ನು ನೀರು ಇಂಗಿಸಿಯೇ ಬೇಯಿಸಿ. ಕುಚ್ಚಿಲಕ್ಕಿಯೇ ಬೇಕೆನ್ನುವವರು ಅಗುಳು ಒಡೆಯುವಷ್ಟು ಮೆತ್ತಗೆ ಬೇಯಿಸಿ ಒಣಗಿಸಬೇಕು, ಬಿಸಿನೀರಿನಲ್ಲಿ ಅರ್ಧ ಗಂಟೆಯಾದರೂ ಕಾಯುವ ತಾಳ್ಮೆಯೂ ಇರಬೇಕು. ನನಗೆ ಆ ತಾಳ್ಮೆ ಊರಿನಲ್ಲಿದೆ, ಬೆಟ್ಟದಲ್ಲಿಲ್ಲ.

ಹೊಟ್ಟೆ ತುಂಬುವುದಕ್ಕೂ ಶಕ್ತಿ ಸಿಗುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಮನೆಯಲ್ಲಿ ಒಣಗಿಸುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮೇಲಿನ 105 ಗ್ರಾಂ ಬಿಸಿಬೇಳೆ ಬಾತಿನಲ್ಲಿ 60 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 100 ಗ್ರಾಂ ಹಸಿ ತರಕಾರಿ ಒಣಗಿ ಉಳಿದ 10 ಗ್ರಾಂ, ಜೊತೆಗೆ ಉಪ್ಪು ಮಸಾಲೆ ಇವೆ ಎಂದುಕೊಳ್ಳಿ. ಎಲ್ಲ ಕೂಡಿದರೂ ಸುಮಾರು 350 ಕ್ಯಾಲರಿ. ಬಟ್ಟಲು ತುಂಬಿ ತುಳುಕುತ್ತದೆ, ಹೊಟ್ಟೆ ಬಿಗಿಯುತ್ತದೆ, ಆದರೆ ದಿನವಿಡೀ ಹೊರೆ ಹೊತ್ತು ಏರಿದ ದೇಹಕ್ಕೆ ರಾತ್ರಿಯ ಊಟವಾಗಿ ಇದು ಸಾಲದು; ನಡುರಾತ್ರಿ ಚಳಿಗೆ ಎಚ್ಚರವಾಗುವುದು ಇಂಥ ಊಟದ ನಂತರವೇ. ಹಾಗೆಂದು ಅನ್ನವನ್ನೇ ಹೆಚ್ಚಿಸಿದರೆ ಪಾತ್ರೆಯೂ ಸಾಲದು, ತಿನ್ನಲೂ ಆಗದು. ಕೊರತೆಯನ್ನು ತುಂಬಬೇಕಾದದ್ದು ಕೊಬ್ಬಿನಿಂದ. ಅಕ್ಕಿ, ಬೇಳೆಗಳಲ್ಲಿರುವ ಪಿಷ್ಟ ಮತ್ತು ಪ್ರೋಟೀನ್ ಗ್ರಾಂಗೆ 4 ಕ್ಯಾಲರಿ ಕೊಟ್ಟರೆ ತುಪ್ಪ, ಎಣ್ಣೆಗಳು 9 ಕೊಡುತ್ತವೆ. ಬಡಿಸಿಕೊಂಡ ಮೇಲೆ 20 ಗ್ರಾಂ ತುಪ್ಪ ಬೆರೆಸಿ, 20 ಗ್ರಾಂ ಹುರಿದ ನೆಲಗಡಲೆ ಉದುರಿಸಿದರೆ ಅದೇ ಬಟ್ಟಲು 640 ಕ್ಯಾಲರಿ ದಾಟುತ್ತದೆ, ಹೊರೆ ಹೆಚ್ಚಿದ್ದು 40 ಗ್ರಾಂ ಮಾತ್ರ.

ಈ ತುಪ್ಪವನ್ನು ಒಣಗಿಸುವ ಮೊದಲೇ ಬಾತಿಗೆ ಹಾಕಿಬಿಡಬೇಡಿ. ನೀರು ಹಾರಿಹೋಗುತ್ತದೆ, ಕೊಬ್ಬು ಹಾರುವುದಿಲ್ಲ. ಅದು ಅಗುಳಿನ ಮೇಲೆ ಜಿಡ್ಡಾಗಿ ಕುಳಿತು ನೀರು ಒಳಗಿಳಿಯಲು ಬಿಡುವುದಿಲ್ಲ, ಕೆಲವೇ ವಾರಗಳಲ್ಲಿ ಕಮಟು ಹಿಡಿಯುತ್ತದೆ. ಒಗ್ಗರಣೆಯಿಲ್ಲದೆ ಒಣಗಿಸಿ, ತುಪ್ಪವನ್ನು ಬೇರೆಯಾಗಿಯೇ ಒಯ್ಯಿರಿ. ತೆಂಗಿನೆಣ್ಣೆ ಒಯ್ಯುವವರಿಗೆ ಒಂದು ಮಾತು: ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಣಿಪಾಲದಲ್ಲಿ ನೀರಿನಂತೆ ಸುರಿಯುವ ಎಣ್ಣೆ ಅಲ್ಲಿ ಸಪೂರ ಬಾಯಿಯ ಬಾಟಲಿಯೊಳಗೆ ಮೇಣದ ಕಂಬವಾಗಿ ನಿಂತಿರುತ್ತದೆ. ತುಪ್ಪವಾಗಲಿ ಎಣ್ಣೆಯಾಗಲಿ, ಚಮಚ ಇಳಿಯುವಷ್ಟು ಅಗಲ ಬಾಯಿಯ, ತಿರುಪಿನ ಮುಚ್ಚಳದ ಡಬ್ಬಿಯಲ್ಲಿರಲಿ.

ಹಂಪ್ತಾ ಪಾಸಿನ ಎತ್ತರ ಸುಮಾರು 4,270 ಮೀಟರ್. ಅಷ್ಟು ಎತ್ತರಕ್ಕೆ ಏರುವ ಮೊದಲೆರಡು ದಿನ ಅನೇಕರಿಗೆ ಹಸಿವೇ ಆಗುವುದಿಲ್ಲ, ಇಳಿಯುವಾಗ ಅದೇ ಹಸಿವು ದುಪ್ಪಟ್ಟಾಗಿ ಬರುತ್ತದೆ. ಆದ್ದರಿಂದ ಆರೂ ಪೊಟ್ಟಣಗಳನ್ನು ನಿಮ್ಮ ಒಂದು ಹೊತ್ತಿನ ಒಣ ತೂಕಕ್ಕಿಂತ ತುಸು ಕಡಿಮೆ, 90 ಗ್ರಾಂಗೆ ಕಟ್ಟಿ, ಉಳಿದದ್ದನ್ನು 30 ಗ್ರಾಂನ ಮೂರು ಚಿಕ್ಕ ಪೊಟ್ಟಣಗಳಾಗಿ ಬೇರೆ ಮಾಡಿ. ಹಸಿದ ದಿನ ಒಂದನ್ನು ಸೇರಿಸಿಕೊಳ್ಳಬಹುದು. ಪೂರ್ತಿ ಪೊಟ್ಟಣದಲ್ಲಿ ಅರ್ಧ ತೆಗೆದು ಬಾಯಿ ಕಟ್ಟಿಡುವುದಕ್ಕಿಂತ ಇದು ಒಳ್ಳೆಯದು, ಒಮ್ಮೆ ತೆರೆದ ಪೊಟ್ಟಣ ತೇವ ಎಳೆದುಕೊಳ್ಳುತ್ತದೆ.

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಕಡಿಮೆ ಬಿಸಿಯಲ್ಲಿ: 4,000 ಮೀಟರ್ ಎತ್ತರದಲ್ಲಿ 87 ಡಿಗ್ರಿಯ ಸುಮಾರಿಗೇ. ಮನೆಯಲ್ಲಿ 15 ನಿಮಿಷದಲ್ಲಿ ಅರಳುವ ಬಾತಿಗೆ ಅಲ್ಲಿ 25 ನಿಮಿಷ ಬೇಕಾಗಬಹುದು. ಅಷ್ಟು ಹೊತ್ತು ಒಲೆ ಉರಿಸಬೇಡಿ. ಒಂದು ಕುದಿ ಬಂದೊಡನೆ ಆರಿಸಿ, ಮುಚ್ಚಿ, ಪಾತ್ರೆಯನ್ನು ಉಣ್ಣೆಯ ಟೋಪಿಯಲ್ಲೋ ಜಾಕೆಟಿನಲ್ಲೋ ಸುತ್ತಿಡಿ. ಗಾಳಿಯ ಮರೆಯಲ್ಲಿ ಅರ್ಧ ಲೀಟರ್ ನೀರು ಕುದಿಯಲು ಸುಮಾರು 8ರಿಂದ 10 ಗ್ರಾಂ ಗ್ಯಾಸ್ ಸಾಕು. ಚಹಾ ಸೇರಿ ದಿನಕ್ಕೆ ಸುಮಾರು ಒಂದೂಕಾಲು ಲೀಟರ್ ಕುದಿಸಿದರೂ ಆರು ದಿನಕ್ಕೆ 230 ಗ್ರಾಂನ ಒಂದು ಕ್ಯಾನಿಸ್ಟರ್ ಮಿಕ್ಕುತ್ತದೆ. ಅದನ್ನು ಮನಾಲಿಯಲ್ಲೇ ಕೊಳ್ಳಿ, ವಿಮಾನದಲ್ಲಿಯೂ ರೈಲಿನಲ್ಲಿಯೂ ಒಯ್ಯುವಂತಿಲ್ಲ. ಒಬ್ಬರೇ ಹೋಗುವುದಕ್ಕೆ ಆ ಸಮಯದಲ್ಲಿ ಅಲ್ಲಿನ ಆಡಳಿತದ ಅನುಮತಿಯಿದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ನೀವು ಒಣಗಿಸಲಿರುವುದು ಆಗಸ್ಟಿನ ಮಣಿಪಾಲದಲ್ಲಿ. ಡಿಹೈಡ್ರೇಟರಿನಿಂದ ತೆಗೆದಾಗ ಕಟಕಟ ಎನ್ನುವ ಅನ್ನ, ತಟ್ಟೆಯಲ್ಲೇ ಬಿಟ್ಟರೆ ಗಂಟೆಯೊಳಗೆ ಮೆತ್ತಗಾಗುತ್ತದೆ. 57 ಡಿಗ್ರಿಯ ಸುಮಾರಿನಲ್ಲಿ ಒಣಗಿಸಿ, ನಡುನಡುವೆ ಗಂಟುಗಳನ್ನು ಒಡೆದು, ತಣ್ಣಗಾದ ಕೂಡಲೇ ತೂಗಿ ಗಾಜಿನ ಜಾಡಿಗೆ ಹಾಕಿ. ಬೇಗ ಮುಗಿಯಲೆಂದು ಬಿಸಿ ಹೆಚ್ಚಿಸಿದರೆ ಹೊರಪದರ ಗಟ್ಟಿಯಾಗಿ ಒಳಗೆ ತೇವ ಉಳಿಯುತ್ತದೆ. ಜಾಡಿಯನ್ನು ಒಂದು ವಾರ ದಿನಕ್ಕೊಮ್ಮೆ ಅಲುಗಿಸಿ ನೋಡಿ: ಗಾಜಿನ ಒಳಮೈ ಮಸುಕಾದರೆ ಮತ್ತೆ ಒಣಗಿಸಬೇಕು. ಒಂದು ಊಟಕ್ಕೆ ಒಂದು ಜಾಡಿ ಎಂದಿಟ್ಟರೆ ಪಾಲು ಬೆರೆಯುವುದಿಲ್ಲ. ವಾರ ಕಳೆದ ಮೇಲೆ ಪೊಟ್ಟಣ ಕಟ್ಟಿ, ಹೊರಡುವ ದಿನದವರೆಗೆ ಫ್ರೀಜರಿನಲ್ಲಿಡಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಒಬ್ಬಳೇ ಚಾರಣಕ್ಕೆ ಹೋಗುತ್ತಾಳೆ. ಅವಳಿಗೆ ಕಡಲೆ ಗಸಿ, ಹುರುಳಿ ಸಾರು, ಅಲಸಂಡೆ ಪದಾರ್ಥ ಇವನ್ನೆಲ್ಲ ಒಣಗಿಸಿ ಕೊಡಬೇಕೆಂಬ ಆಸೆ. ಒಮ್ಮೆ ಮಾಡಿದ ಗಸಿ ತಿಂಗಳೊಳಗೆ ವಾಸನೆ ಬಂತು. ಏನು ತಪ್ಪಾಯಿತು?
– ಬಂಟ್ವಾಳದ ಓದುಗರು

ಉತ್ತರ: ತಪ್ಪು ತೆಂಗಿನಕಾಯಿಯದು, ನಿಮ್ಮದಲ್ಲ. ಹಸಿ ತೆಂಗಿನಕಾಯಿಯ ತೂಕದಲ್ಲಿ ಮೂರರಲ್ಲೊಂದು ಪಾಲು ಕೊಬ್ಬೇ ಇರುತ್ತದೆ, ಕೊಬ್ಬು ಏನಾಗುತ್ತದೆಂದು ಮೇಲೆ ಹೇಳಿದ್ದೇನೆ. ನಮ್ಮ ಕಡೆಯ ಪದಾರ್ಥದಿಂದ ಕಾಯಿಯನ್ನು ತೆಗೆದರೆ ಉಳಿಯುವುದೇನು ಎಂದು ನೀವು ಕೇಳಬಹುದು. ತೆಗೆಯಬೇಕಾಗಿಲ್ಲ, ಬೇರೆ ಪೊಟ್ಟಣಕ್ಕೆ ವರ್ಗಾಯಿಸಿದರೆ ಸಾಕು. ಕೊತ್ತಂಬರಿ, ಮೆಣಸು, ಜೀರಿಗೆ, ಬೆಳ್ಳುಳ್ಳಿಗಳನ್ನು ಎಣ್ಣೆಯಿಲ್ಲದೆ ಹುರಿದು, ಕಾಯಿ ಹಾಕದೆ ಅರೆದು ಗಸಿ ಮಾಡಿ ಒಣಗಿಸಿ. ಅಂಗಡಿಯಲ್ಲಿ ಸಿಗುವ ತೆಂಗಿನ ಹಾಲಿನ ಪುಡಿಯನ್ನು ಊಟಕ್ಕೆ 20 ಗ್ರಾಂನಂತೆ ಪುಟ್ಟ ಪೊಟ್ಟಣ ಕಟ್ಟಿ ಜೊತೆಗಿಡಿ. ಗಸಿ ನೀರು ಕುಡಿದು ಮೆತ್ತಗಾದ ಮೇಲೆ ಕೊನೆಯಲ್ಲಿ ಕಲಸಿಕೊಂಡರೆ ಕಾಯಿಯ ರುಚಿಯೂ ಬರುತ್ತದೆ, ಮಗಳಿಗೆ ಬೇಕಾದ ಕೊಬ್ಬೂ ಅದರಿಂದಲೇ ಸಿಗುತ್ತದೆ. ಕೊಬ್ಬರಿಯನ್ನೇ ಕಳುಹಿಸುತ್ತೇನೆ ಎಂದುಕೊಳ್ಳಬೇಡಿ. ಎಣ್ಣೆಯಂಶದಿಂದಾಗಿ ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದ ಚೆಕ್-ಇನ್ ಸಾಮಾನಿನೊಳಗೆ ಒಣ ಕೊಬ್ಬರಿಯನ್ನು ಬಿಡುವುದಿಲ್ಲ.

ಇಡೀ ಕಡಲೆ ಒಣಗಿದರೆ ಮತ್ತೆ ಗೋಲಿಯಂತಾಗುತ್ತದೆ, ಗಂಟೆಗಟ್ಟಲೆ ನೆನೆದರೂ ನಡುವೆ ಬೀಜ ಉಳಿಯುತ್ತದೆ. ಕುಕ್ಕರಿನಲ್ಲಿ ಎರಡು ಬೆರಳಿನ ನಡುವೆ ಹಿಚುಕಿದರೆ ಬೆಣ್ಣೆಯಾಗುವಷ್ಟು ಬೇಯಿಸಿ, ಸೌಟಿನ ಬೆನ್ನಿನಿಂದ ಒಮ್ಮೆ ಒತ್ತಿ ಬಿರಿಸಿ, ಆಮೇಲೆ ಹರಡಿ. ಹುರುಳಿಗೂ ಇದೇ ಉಪಾಯ. ಅಲಸಂಡೆಯನ್ನು ಮಾತ್ರ ಸಣ್ಣಗೆ, ಒಂದೇ ಅಳತೆಗೆ ಹೆಚ್ಚಿದರೆ ಸಾಕು. ಒಂದು ಹೊತ್ತಿಗೆ 65 ಗ್ರಾಂ ಒಣ ಅನ್ನ, 45 ಗ್ರಾಂ ಒಣ ಗಸಿ ಎಂಬ ಲೆಕ್ಕದಿಂದ ಆರಂಭಿಸಿ. ಅನ್ನ ಮತ್ತು ಗಸಿಯನ್ನು ಒಂದೇ ಪೊಟ್ಟಣದಲ್ಲಿ ಹಾಕಬಹುದು, ಆದರೆ ಎರಡನ್ನೂ ಪ್ರತಿ ಪೊಟ್ಟಣಕ್ಕೆ ಬೇರೆಬೇರೆಯಾಗಿ ತೂಗಿ ಹಾಕಿ.

ಇನ್ನೊಂದು ಮಾತು, ಬೇಸರಿಸಬೇಡಿ. ಪಾಲನ್ನು ತೂಗುವ ಕೆಲಸ ಮಗಳೇ ಮಾಡಲಿ. ತಾಯಿಯ ಕೈ ಬಡಿಸಿದ್ದು ಯಾವಾಗಲೂ ಒಂದು ಸೌಟು ಹೆಚ್ಚು. ಬಟ್ಟಲಿನಲ್ಲಿ ಅದು ಪ್ರೀತಿ, ಬೆನ್ನಿನ ಮೇಲೆ ಭಾರ.

ಪ್ರಶ್ನೆ: ನಮ್ಮಲ್ಲಿ ಡಿಹೈಡ್ರೇಟರ್ ಇಲ್ಲ. ಅಜ್ಜಿ ಬೇಸಗೆಯಲ್ಲಿ ಹಪ್ಪಳ, ಸಂಡಿಗೆ, ಮಾಂಬಳ (ಒಣಗಿಸಿದ ಮಾವಿನ ರಸ) ಎಲ್ಲವನ್ನೂ ಅಂಗಳದಲ್ಲಿಯೇ ಒಣಗಿಸುತ್ತಾರೆ. ಹಾಗೆಯೇ ಅನ್ನ, ಸಾಂಬಾರನ್ನೂ ಬಿಸಿಲಿಗೆ ಹರಡಿ ಒಣಗಿಸಬಾರದೇ?
– ಕಾರ್ಕಳದ ಓದುಗರು

ಉತ್ತರ: ಬಾರದು. ಅಜ್ಜಿಯ ಹಪ್ಪಳ ಉಳಿಯುವುದು ಬಿಸಿಲಿನಿಂದ ಮಾತ್ರವಲ್ಲ. ಅದು ಕಾಗದದಷ್ಟು ತೆಳು, ಅದರಲ್ಲಿ ಉಪ್ಪು ಹೆಚ್ಚು, ತಿನ್ನುವ ಮೊದಲು ಕಾದ ಎಣ್ಣೆಯಲ್ಲಿ ಕರಿಯುತ್ತೇವೆ. ಮಾಂಬಳದಲ್ಲಿ ಹುಳಿಯೂ ಸಕ್ಕರೆಯೂ ಕಾವಲಿಗಿವೆ. ಉಪ್ಪು ಹಿತವಾಗಿರುವ ಬೆಂದ ಅನ್ನ, ಬೇಳೆಗಳಿಗೆ ಇಂಥ ಯಾವ ರಕ್ಷಣೆಯೂ ಇಲ್ಲ. ಬಿಸಿಲಿನಲ್ಲಿ ಒಣಗಿಸಲು 30 ಡಿಗ್ರಿಗೆ ಮೇಲ್ಪಟ್ಟ ಬಿಸಿಯೊಂದಿಗೆ ಗಾಳಿಯ ತೇವಾಂಶ ಶೇ. 60ಕ್ಕಿಂತ ಕಡಿಮೆ ಇರಬೇಕು. ಬಿಸಿ ನಮ್ಮಲ್ಲಿ ಬೇಕಾದಷ್ಟಿದೆ, ಕಡಲ ಗಾಳಿಯಿಂದಾಗಿ ಒಣ ಹವೆ ಮಾತ್ರ ದುರ್ಲಭ. ಎರಡು ದಿನ ಅರೆತೇವದಲ್ಲಿ ಬಿದ್ದಿರುವ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ, ಅದು ಬಿಟ್ಟ ವಾಂತಿ ತರಿಸುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಒಬ್ಬರೇ ಇರುವಾಗ ವಾಂತಿಭೇದಿ ಹಿಡಿದರೆ ನೀರು ತಂದುಕೊಡುವವರೂ ಇರುವುದಿಲ್ಲ.

ಮನೆಯ ಓವನ್ 60 ಡಿಗ್ರಿಯಲ್ಲಿ ನಿಲ್ಲುವುದಾದರೆ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಆವಿ ಹೊರಹೋಗಲು ಬಿಟ್ಟು ಒಣಗಿಸಬಹುದು. ಇಲ್ಲವಾದರೆ ಬಿಟ್ಟುಬಿಡಿ, ಅಜ್ಜಿಯ ಮಾಂಬಳವನ್ನೇ ಕೇಳಿ ತೆಗೆದುಕೊಳ್ಳಿ. ಅದನ್ನು ಹೊರಡುವ ಮೊದಲೇ 25 ಗ್ರಾಂನ ತುಂಡುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ. ಕತ್ತರಿಸದೆ ಒಯ್ದ ಮಾಂಬಳ ಎರಡನೆಯ ದಿನಕ್ಕೆ ಉಳಿದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಹಾಸ್ಟೆಲಿನಲ್ಲಿದ್ದೇನೆ, ಅಡುಗೆಗೆ ಅವಕಾಶವಿಲ್ಲ. ಅಂಗಡಿಯಲ್ಲಿ ಸಿಗುವ ರೆಡಿ ಟು ಈಟ್ ಪೊಟ್ಟಣಗಳನ್ನೇ ಒಯ್ದರೆ ಒಬ್ಬನಿಗೆ ದಿನಕ್ಕೆ ಎಷ್ಟು ಬೇಕು?
– ಸುರತ್ಕಲಿನ ವಿದ್ಯಾರ್ಥಿ

ಉತ್ತರ: ಮೊದಲು ಪೊಟ್ಟಣವನ್ನು ಒತ್ತಿ ನೋಡಿ. ಒಳಗೆ ಮೆತ್ತಗೆ ಜಾರಿದರೆ ಅದು ಒಣಗಿಸಿದ ಊಟವಲ್ಲ; ಬೇಯಿಸಿ, ಮೊಹರು ಹಾಕಿ, ಹಬೆಯ ಒತ್ತಡದಲ್ಲಿ ಸೋಂಕು ನೀಗಿಸಿದ ಹಸಿ ಊಟ. ಮೈಸೂರಿನಲ್ಲಿ 1961ರಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಈ ಎರಡೂ ಬಗೆಗಳ ಮೇಲೆ ಕೆಲಸ ಮಾಡಿದೆ, ಎರಡಕ್ಕೂ ಅದರದರ ಸಂದರ್ಭವಿದೆ. ಆದರೆ ಬೆನ್ನಿನ ಮೇಲೆ ಹೊರುವವನಿಗೆ 300 ಗ್ರಾಂನ ಹಸಿ ಪೊಟ್ಟಣವೆಂದರೆ ಹೆಚ್ಚಿನಂಶ ನೀರನ್ನೇ ಬೆಟ್ಟಕ್ಕೆ ಹೊತ್ತಂತೆ. ಗಲಗಲ ಎನ್ನುವ ಒಣ ಪೊಟ್ಟಣವನ್ನೇ ಆರಿಸಿಕೊಳ್ಳಿ.

ಹಿಂಬದಿಯಲ್ಲಿ 'ಇಷ್ಟು ಜನರಿಗೆ' ಎಂದು ಬರೆದಿರುವುದನ್ನು ನಂಬಬೇಡಿ. ನಿವ್ವಳ ತೂಕವನ್ನೂ 100 ಗ್ರಾಂಗೆ ಎಷ್ಟು ಕ್ಯಾಲರಿ ಎಂಬುದನ್ನೂ ನೋಡಿ ನೀವೇ ಗುಣಿಸಿ. ರಾತ್ರಿಯ ಊಟಕ್ಕೆ 600ರಿಂದ 700, ಇಡೀ ದಿನಕ್ಕೆ ನಿಮ್ಮ ವಯಸ್ಸಿನವರಿಗೆ 2,500ರಿಂದ 3,000 ಕ್ಯಾಲರಿ ಬರುವಂತಿರಲಿ. ಒಣ ಆಹಾರವನ್ನು ಸರಿಯಾಗಿ ಆರಿಸಿದರೆ ಅದು ದಿನಕ್ಕೆ 600ರಿಂದ 700 ಗ್ರಾಂನಲ್ಲಿ ಮುಗಿಯುತ್ತದೆ. 70 ಗ್ರಾಂನ ಒಂದು ನೂಡಲ್ಸ್ ಪೊಟ್ಟಣ ಸುಮಾರು 300 ಕ್ಯಾಲರಿ, ಊಟದ ಅರ್ಧ ಮಾತ್ರ. ಅದಕ್ಕೆ 25 ಗ್ರಾಂ ಸೋಯಾ ಚೂರು, ಒಂದು ಹಿಡಿ ನೆಲಗಡಲೆ, ಒಂದು ಚಮಚ ತುಪ್ಪ ಸೇರಿಸಿ. ಬೆಳಿಗ್ಗೆಗೆ 80 ಗ್ರಾಂ ತೆಳು ಅವಲಕ್ಕಿ, 25 ಗ್ರಾಂ ಹಾಲಿನ ಪುಡಿ, 20 ಗ್ರಾಂ ಬೆಲ್ಲದ ಪುಡಿಯನ್ನು ಒಂದೇ ಪೊಟ್ಟಣದಲ್ಲಿ ಕಲಸಿಟ್ಟರೆ, ಬಿಸಿನೀರು ಹೊಯ್ದ ಮೂರು ನಿಮಿಷಕ್ಕೆ ಸುಮಾರು 480 ಕ್ಯಾಲರಿಯ ತಿಂಡಿ ಸಿದ್ಧ. ಮಧ್ಯಾಹ್ನ ಒಲೆ ಹಚ್ಚುವ ಗೋಜಿಗೆ ಹೋಗದೆ ಹುರಿಹಿಟ್ಟನ್ನು ಬೆಲ್ಲದೊಂದಿಗೆ ಕಲಸಿ ಉಂಡೆ ಮಾಡಿಕೊಂಡರಾಯಿತು. ನಡೆಯುತ್ತಾ ಜಗಿಯಲು ಚಿಕ್ಕಿ, ಖರ್ಜೂರ, ನೇಂದ್ರ ಬಾಳೆಯ ಚಿಪ್ಸ್ ಸೇರಿ ದಿನಕ್ಕೆ 180 ಗ್ರಾಂ. ಇದನ್ನು ಒಟ್ಟಿಗೆ ಒಯ್ದರೆ ಮೊದಲ ದಿನವೇ ಖಾಲಿಯಾಗುತ್ತದೆ, ಅದರಿಂದ ದಿನಕ್ಕೊಂದು ಚೀಲ ಕಟ್ಟಿ. ಪಕ್ಕದ ಕೋಣೆಯವರಿಗೆ ತಿಳಿಯದಂತೆ ಕಟ್ಟುವುದು ಇನ್ನೂ ಉತ್ತಮ.

ಪ್ರಶ್ನೆ: ಒಣಮೀನು, ಒಣ ಸಿಗಡಿ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಚಾರಣದ ಊಟಕ್ಕೆ ಬಳಸಬಹುದೇ? ಕೋಳಿ ಸುಕ್ಕವನ್ನು ಒಣಗಿಸಬಹುದೇ?
– ಮಲ್ಪೆಯ ಓದುಗರು

ಉತ್ತರ: ಒಣ ಸಿಗಡಿಯಷ್ಟು ಹಗುರವಾದ ಪ್ರೋಟೀನ್ ನಮ್ಮ ಪೇಟೆಯಲ್ಲಿ ಬೇರೆ ಇಲ್ಲ. ತಲೆ, ಬಾಲ ತೆಗೆದು, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಗರಿಗರಿಯಾಗಿ ಹುರಿದು, ತರಿತರಿಯಾಗಿ ಪುಡಿ ಮಾಡಿ, ಮೆಣಸು, ಹುಣಸೆಯೊಂದಿಗೆ ಚಟ್ನಿಪುಡಿ ಮಾಡಿಕೊಳ್ಳಿ. ಕಾಯಿ ಬೇಡ. ಊಟಕ್ಕೆ 15 ಗ್ರಾಂ ಸಾಕು. ಗಂಜಿಯ ಮೇಲೆ ಉದುರಿಸಿಕೊಂಡರೆ ಬೇರೆ ಪದಾರ್ಥದ ನೆನಪೂ ಆಗುವುದಿಲ್ಲ. ಅದರ ಉಪ್ಪನ್ನು ಎಣಿಸಿ ಗಂಜಿಗೆ ಉಪ್ಪು ಹಾಕದಿರಿ. ಉಪ್ಪಿನಲ್ಲಿ ಹೂತು ಒಣಗಿಸಿದ ದೊಡ್ಡ ಮೀನು ಬೇಡ, ಅದನ್ನು ನೆನೆಸಿ ಉಪ್ಪುನೀರು ಚೆಲ್ಲುವಷ್ಟು ನೀರು ಎಲ್ಲ ಬಿಡಾರದಲ್ಲಿಯೂ ಸಿಗದು. ವಾಸನೆ ಪ್ರಾಣಿಗಳನ್ನು ಕರೆಯುತ್ತದೆ. ಎರಡು ಚೀಲದೊಳಗೆ ಕಟ್ಟಿ, ಮಲಗುವ ಗುಡಾರದಿಂದ ದೂರವಿಡಿ.

ಕೋಳಿ ಸುಕ್ಕ ಬೇಡ. ಅದರಲ್ಲಿ ಕಾಯಿಯೂ ಇದೆ, ಕೋಳಿಯ ತುಂಡು ಒಣಗಿದರೆ ರಬ್ಬರೂ ಆಗುತ್ತದೆ. ಕೊಬ್ಬಿಲ್ಲದ ಕೈಮವನ್ನು ಪೂರ್ತಿ ಬೇಯಿಸಿ, ಬಿಸಿ ಕನಿಷ್ಠ 74 ಡಿಗ್ರಿ ಮುಟ್ಟಿದ ಮೇಲೆ, 63 ಡಿಗ್ರಿಗಿಂತ ಮೇಲೆಯೇ ಒಣಗಿಸಬೇಕು. ಮೊದಲ ಪ್ರಯತ್ನದಲ್ಲಿ ಅದಕ್ಕೆ ಕೈಹಾಕದಿದ್ದರೆ ಒಳಿತು.

ಪ್ರಶ್ನೆ: ಮುಂದಿನ ತಿಂಗಳು ಕುದುರೆಮುಖ ಹತ್ತುತ್ತೇನೆ. ಅದಕ್ಕೂ ಈ ಒಣ ಪೊಟ್ಟಣ ಬೇಕೇ?
– ಉಡುಪಿಯ ಓದುಗರು

ಉತ್ತರ: ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗಲು ಅವಕಾಶವಿಲ್ಲ. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು, ಮುಂಗಡ ಅನುಮತಿಯೂ ಬೇಕು. ಹೋಗಿ ಬರಲು ಸುಮಾರು 18ರಿಂದ 20 ಕಿಲೋಮೀಟರ್. ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಕುದಿನೀರಿನ ಊಟ ಅಲ್ಲಿ ಕೆಲಸಕ್ಕೂ ಬಾರದು. ಉಡುಪಿಯವರಿಗೆ ಬಜಿಲ್ ಇರುವಾಗ ಬೇರೆ ಯೋಚನೆ ಏಕೆ? 100 ಗ್ರಾಂ ಅವಲಕ್ಕಿಗೆ ಬೆಲ್ಲ, ಉಪ್ಪು, ಸಾರಿನ ಪುಡಿ, ಒಗ್ಗರಣೆ ಕಲಸಿ ಡಬ್ಬಿಗೆ ಹಾಕಿ. ಅಂದೇ ತಿನ್ನುವುದಾದರೂ ಹಸಿ ಕಾಯಿತುರಿಯನ್ನು ಮಾತ್ರ ಕಡಿಮೆ ಮಾಡಿ, ಮಧ್ಯಾಹ್ನದ ಸೆಕೆಗೆ ಅದು ಹಳಸುತ್ತದೆ. ಜೊತೆಗೆ ಎರಡು ಬಾಳೆಹಣ್ಣು, ಎರಡು ಲೀಟರ್ ನೀರು. ಬಾಳೆಹಣ್ಣನ್ನು ಡಬ್ಬಿಯ ಕೆಳಗೆ ಇಡಬೇಡಿ.